ಗುಡಿಯ ಗಂಟೆಯೂ ಶ್ರುತಿ ತಪ್ಪಿತು

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಮದ್ದೂರಿನ ಬಸ್ಸಿಗೆ ಕಾಯುತ್ತ ಗುರುಮಲ್ಲಮ್ಮ ಅಪ್ಪ ಕಲಿಸಿದ ಪದ್ಯವನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೂತ ಇಬ್ಬರು ಸಂಗೀತ ವಿದ್ವಾಂಸರ ಮಾತು ಕಿವಿಗೆ ಬಿದ್ದು, ಪದ್ಯ ಅಲ್ಲೇ ನಿಂತಿತು.

“‘ಒಮ್ಮೆ ಬಾ, ಎದುರಿಗೇ ಹೇಳ್ತೀನಿ’ ಅಂತ ನೀನೇ ಕಾಗದ ಬರೆದೆ. ಚಾಮರಾಜನಗರದಿಂದ ಬಂದಿದೀನಿ. ಹೇಳು, ಅಳಸಿಂಗ.”

“ಈ ಕಡೆ ಕಿವಿಗೆ, ಗಟ್ಟಿಯಾಗಿ ಹೇಳು, ಕೇಶವ.”

“ತುಂಬಿದ ಸಭೇಲಿ ನನ್ನ ಹಾಡು ಶ್ರುತಿ ಬಿಟ್ಟಿದೆ ಅಂದೆಯಲ್ಲೋ! ಆಮೇಲೆ ಒಬ್ಬರೂ ನನ್ನನ್ನ ಕಚೇರಿಗೆ ಕರೀಲಿಲ್ಲ.”

“ನನಗೆ ಹಾಗೇ ಕೇಳಿಸ್ತು ಕಣೋ. ಅದರ ಮುಂದಿನ ವರ್ಷ ನಮ್ಮ ಗುಡಿ ಗಂಟೆಯೂ ಶ್ರುತಿ ತಪ್ಪಿದ ಹಾಗೆ ಕೇಳಿಸ್ತು. ಕೆಟ್ಟಿದ್ದು ನನ್ನ ಕಿವಿ ಅಂತ ಆಗ ಗೊತ್ತಾಯ್ತು.”

“ಗಂಟೆಯ ಹತ್ರನಾದ್ರೂ ತಪ್ಪಾಯ್ತು ಅಂದೆಯಾ?”

“ಅದಕ್ಕೇ ನಿನ್ನನ್ನ ಕರೆಸಿದ್ದು.”

“ಹಾಗಾದ್ರೆ ಅದೇ ಸಭೇಲಿ ನಿಂತು ಹೇಳು.”

“ಕಿವುಡನ ಹತ್ರ ಪಾಠಕ್ಕೆ ಯಾರು ಬರ್ತಾರೆ? ಮನೇಲಿ ಒಲೆ ಉರೀಬೇಕಲ್ಲಪ್ಪ. ನಿನಗೆ ಗೊತ್ತಾದ್ರೆ ಸಾಲದೇನೋ?”

“ನಾನು ಶ್ರುತಿ ಬಿಟ್ಟಿರಲಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು.”

ಚಾಮರಾಜನಗರದ ಬಸ್ಸು ಹಾರನ್ ಹೊಡೆಯಿತು. ಕೇಶವಯ್ಯನವರು ಎದ್ದು ಹೋಗಿ ಹತ್ತಿಬಿಟ್ಟರು. ಅಳಸಿಂಗಯ್ಯನವರು ತಲೆ ತಗ್ಗಿಸಿಕೊಂಡು, ಖಾಲಿ ಜಾಗಕ್ಕೆ ಕಿವಿ ಕೊಟ್ಟೇ ಕೂತಿದ್ದರು.

“ಇನ್ನೂ ಏನಾದ್ರೂ ಅನ್ನೋ, ಕೇಶವ. ಅನ್ನಿಸ್ಕೋತೀನಿ.”

“ಅವರು ಒಂಟೋದ್ರು ಸ್ವಾಮಿ,” ಅಂದಳು ಗುರುಮಲ್ಲಮ್ಮ ಮೆಲ್ಲಗೆ. ಆಮೇಲೆ ಅದನ್ನೇ ಬಸ್ ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಬೇಕಾಯಿತು.

ಅವರು ಸುತ್ತಲೂ ನೋಡಿದರು. ಶಲ್ಯ ಕೊಡವಿಕೊಂಡು ಎದ್ದು ನಡೆದರು.