ಹೀರೋನ ಬದಲು ಜಿಗಿಯುವವನು

ಗೋಕಾಕ ರೋಡ್ ನಿಲ್ದಾಣದಲ್ಲಿ ಮೀರಜ ಗಾಡಿಗೆ ಕಾಯುತ್ತಿದ್ದ ಅಪ್ಪಣ್ಣನಿಗೆ, ಪಕ್ಕದಲ್ಲಿ ಕೂತಿದ್ದ ಶೆಟ್ಟೆವ್ವ ಮತ್ತು ಅವಳ ತಮ್ಮ ಖಂಡೆಪ್ಪನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ನನ್ನ ಮಗಗ ಈ ಹುಚ್ಚ ಎಲ್ಲಿಂದ ಹತ್ತಿತೋ?"

"ಬೆಳಗಾಂವ್ಯಾಗ ಆ ಇಂಗ್ಲಂಡದ ಹೀರೋಂದು ಒಂದೂ ಸಿನೆಮಾ ಬಿಟ್ಟಿಲ್ಲ ನಿನ್ನ ಮಾಳ್ಯಾ. ಮುದಕ ಆಗಾಕ ಬಂದ್ರೂ ಅಂವ ಕತ್ತಿ ಹಿಡದು ಕ್ವಾಟಿ ಮ್ಯಾಲಿಂದ ಜಿಗೀತಾನಂತ."

"ಖರೇನ ಜಿಗೀತಾನೇನು?"

"ಯಾರಿಗ್ಗೊತ್ತು! ಕೊಲ್ಲಾಪುರದಾಗ ಅಂಥಾದ್ದಽ ಸಿನೆಮಾ ತಗ್ಯಾಕತ್ತಾರ. ಅಲ್ಲಿ ಹೀರೋ ಜಿಗ್ಯಂಗಿಲ್ಲ. ಪಡದೆ ಮ್ಯಾಲ ಮಾರಿ ಅವಂದು, ಜಿಗಿಯಾಂವ ನಮ್ಮ ಮಾಳ್ಯಾ."

"ಮೊದಲ ಜಿಗೀತಿದ್ದಾಂವ?"

"ಟೊಂಕ ಮುರಕೊಂಡು ಮಲಗ್ಯಾನ. ಅದಕ್ಕಽ ಇವಗ ಕೆಲಸ ಸಿಕ್ಕೇತಿ. ಸೋದರಮಾವ ನಾನು, ಮನಿಗೆ ಬಾ ಅಂತ ಕಾಲ ಹಿಡದು ಕರದೇನಿ. ಬರಂಗಿಲ್ಲಂದ."

ಶೆಟ್ಟೆವ್ವ ಪಕ್ಕದ ಗಂಟನ್ನು ಹತ್ತಿರ ಎಳೆದುಕೊಂಡಳು.

"ಬರದಿದ್ರ ಬಿಡು. ಮನಿಯಾಗಿನ ಕಂಬಳಿ ಎಲ್ಲಾ ಕಟಗೊಂಡ ಬಂದೇನಿ. ಅಂವ ಬೀಳೋ ಜಾಗಾದಾಗ ಹಾಸ್ತೇನಿ."

"ಹಾಸಾಕ ಬಿಡಂಗಿಲ್ಲಕ್ಕಾ. ಸಿನೆಮಾದಾಗ ಕಾಣ್ತಾವಂತಾರ."

"ಕಾಣಲಿ. ಹಡದಾಕಿ ಹಾಸ್ಯಾಳ ಅಂತ ಹೇಳು."

ಗಾಡಿ ಬಂತು. ಖಂಡೆಪ್ಪ ಗಂಟನ್ನು ಅಕ್ಕನ ತಲೆಯ ಮೇಲಿಟ್ಟ. ಇಬ್ಬರೂ ಮೂರನೇ ದರ್ಜೆಯ ಗದ್ದಲದಲ್ಲಿ ಸೇರಿಹೋದರು.