ದೀವಿಹಲಸಿನ ಬುಡದಲ್ಲಿ ಮಲಗಿದವನು

ಕಿಂಗ್‌ಸ್ಟನ್ನಿನ ವಿಶ್ವವಿದ್ಯಾಲಯದ ಗೇಟಿನ ಬಳಿ ಯೂಲಾಲಿ ಬಸ್ಸಿಗೆ ಕಾಯುತ್ತಿದ್ದಳು. ಗ್ರಂಥಾಲಯದ ಹಳೆಯ ಕಾಗದಗಳ ಕೋಣೆಯಿಂದ ಬಂದ ಇಬ್ಬರು ಮುದುಕಿಯರು ಅವಳ ಪಕ್ಕದಲ್ಲೇ ನಿಂತರು. ಅಕ್ಕತಂಗಿಯರೆಂದು ಜಗಳದಿಂದಲೇ ತಿಳಿಯುತ್ತಿತ್ತು. ಯೂಲಾಲಿ ಮುಖ ತಿರುಗಿಸಿದಳು. ಕಿವಿ ಮಾತ್ರ ಅಲ್ಲೇ ಇತ್ತು.

"ನನ್ನ ಹೊಕ್ಕುಳಬಳ್ಳಿ ಹೂತಿದ್ದು ಆ ದೀವಿಹಲಸಿನ ಬುಡದಲ್ಲಿ, ಮರ ನಂದು ಅಂತ ಐವತ್ತು ವರ್ಷ ತಲೆ ತಿಂದ್ಯಲ್ಲ ಇಸಿಲ್ಡಕ್ಕ!"

"ನೀನೇನು ಕಮ್ಮಿನಾ ವೆರ್ಲಿನ್? ಅಮ್ಮ ನಿಂಗೂ ಹಾಗೇ ಹೇಳಿದ್ಲು ಅಂತ ನಂಗೇನು ಕನಸು ಬಿದ್ದಿತ್ತಾ?"

"ಪದ್ಧತಿ ಬರ್ಕೊಳ್ಳೋಕೆ ಊರಿಗೆ ಬಂದಿದ್ದ ಆ ಮೇಷ್ಟ್ರಿಗೆ ಮಾತ್ರ ಅಮ್ಮ ನಿಜ ಹೇಳಿದಾಳೆ, ಅವರ ನೋಟ್‌ಬುಕ್ಕಲ್ಲಿ ಈಗ ಓದಿದ್ವಲ್ಲ."

"ಹ್ಞೂಂ. ಅಲ್ಲಿರೋದು ನಮ್ಮಿಬ್ರದ್ದೂ ಅಲ್ವಂತೆ. ನಮಗಿಂತ ಮೊದಲು ಹುಟ್ಟಿದವನದಂತೆ. ಒಂಬತ್ತೇ ದಿನ ಬದುಕಿದ್ದ."

"ರಾನ್ಸ್‌ಫರ್ಡ್ ಅಂತ ಹೆಸರೂ ಇಟ್ಟಿದ್ಲು. ನಮ್ಮ ಹತ್ರ ಬಾಯಿ ಬಿಡ್ಲಿಲ್ಲ ನೋಡು."

"ಇಬ್ರಿಗೂ ನಿಂದೇ ಮರ ಅಂದ್ರೆ ಇಬ್ರೂ ನೋಡ್ಕೋತಾರೆ ಅಂತ ಇರ್ಬೇಕು ಕಣೇ."

"ಇಷ್ಟು ವರ್ಷ ಅಣ್ಣನ ಕಾಯಿ ಸುಟ್ಕೊಂಡು ತಿಂದ್ವಿ, ಅವನದು ಅಂತಾನೇ ಗೊತ್ತಿಲ್ದೆ."

ಬಸ್ಸು ಬಂದು ನಿಂತಿತು.

"ಅಕ್ಕ, ನಂಗೆ ಸಿಗಬಾರದು ಅಂತ ನಾಳೆ ಮರ ಕಡಿಸೋಕೆ ಆಳು ಗೊತ್ತು ಮಾಡಿದ್ಯಲ್ಲ. ಬರಬೇಡ ಅನ್ನೇ."

"ಅಂದಾಯ್ತು. ನೀನು ಒಳಗೆ ಆ ನೋಟ್‌ಬುಕ್ ಮುಂದೆ ಕೂತು ಅಳ್ತಿದ್ದಾಗಲೇ ಫೋನ್ ಮಾಡಿದೆ. ಮೊದಲು ಬಸ್ಸು ಹತ್ತು."