ದೀಪ ಹಚ್ಚಿದ ಮೇಲೆ ಹೆಪ್ಪು ಕೇಳೋಕೆ ಹೋದೆ

ಅದೇ ಕಣೇ, ಅದಕ್ಕೆ ಏನಂತಾರೆ... ಮೊಸರಾಗೋಕೆ ಹಾಲಿಗೆ ಹಾಕ್ತಾರಲ್ಲ, ಒಂದೇ ಒಂದು ಚಮಚ... ಹುಳಿ ಅಲ್ಲ, ಹುಳಿ ಬೇರೆ... ತಡಿ, ಬಾಯಿಗೆ ಬರ್ತಾ ಇದೆ. ತವರುಮನೆ ವಾಡೀಲಿ ನಮ್ಮಮ್ಮ ಒಂದು ಥರ ಅನ್ನೋಳು, ಇಲ್ಲಿ ಇನ್ನೊಂದು ಥರ ಅಂತಾರೆ. ಹಾಂ, ಹೆಪ್ಪು! ನೋಡು ನನ್ನ ಕಥೆ, ಪ್ಯಾಕೆಟ್ ಮೊಸರು ತಂದು ತಂದು ಅದರ ಹೆಸರೇ ಮರ್ತು ಹೋಗಿದೆ. ಹೆಸರು ಮರ್ತರೆ ಹೋಗ್ಲಿ, ಅದಕ್ಕಿಂತ ದೊಡ್ಡದೊಂದು ಮರ್ತಿದ್ದೆ, ಅದನ್ನೇ ಹೇಳೋಕೆ ಹೊರಟಿದ್ದು. ರಾತ್ರಿ ಫೋನಲ್ಲಿ ದಾವಣಗೆರೆ ಬೇಡ್ವೇ ಬೇಡ ಅಂದೋಳು ಬೆಳಿಗ್ಗೆ ಬೇಕು ಅಂದೆಯಲ್ಲ, ಯಾಕಜ್ಜಿ ಅಂತ ಕೇಳ್ದೆ ಅಲ್ವಾ? ಕೂತ್ಕೋ. ಆ ಚೇರು ಬೇಡ, ಅದರ ಕಾಲು ಅಲ್ಲಾಡುತ್ತೆ. ಮೆಟ್ಟಿಲ ಮೇಲೆ ಕೂತ್ಕೋ.

ನಿಂಗೆ ಗೊತ್ತೇ ಇದೆ, ಈ ಮನೆ ಒಡೀತಾರೆ. ಓನರ್ ಹುಡುಗ ಬಂದು ಕೈ ಮುಗಿದು ಹೇಳ್ದ, "ಅಜ್ಜಿ, ತಪ್ಪು ತಿಳ್ಕೋಬೇಡಿ, ಪೀಜಿ ಕಟ್ತಾ ಇದ್ದೀವಿ, ಮೂರು ತಿಂಗಳು ಟೈಮ್ ತಗೊಳ್ಳಿ." ಅವನ ತಪ್ಪೂ ಅಲ್ಲ ಬಿಡು, ಅವನಿಗೂ ಮೂರು ಜನ ಅಕ್ಕಂದಿರು, ಭಾಗ ಆಗ್ಬೇಕು. ನಿಮ್ಮಪ್ಪ ನಮ್ಮ ಜರಗನಹಳ್ಳಿ ಪೂರ್ತಿ ಸುತ್ತಿದ, ಬನಶಂಕರಿ ಕಡೆ ನೋಡಿದ, ಕೊನೆಗೆ ಬೇಗೂರಿನ ತನಕ ಹೋಗಿ ಬಂದ. ಎಲ್ಲೆಲ್ಲಿ ಮನೆ ನಮ್ಮ ಕೈಗೆ ಎಟಕುತ್ತೋ ಅಲ್ಲಿ ಅವನ ಫ್ರಿಜ್ಜು, ವಾಷಿಂಗ್ ಮೆಷಿನ್ ರಿಪೇರಿಗೆ ಅಂಗಡಿ ಇಲ್ಲ, ಅಂಗಡಿ ಇದ್ದ ಕಡೆ ಮನೆ ಎಟಕಲ್ಲ. ಆಗ ಅವನ ಫ್ರೆಂಡು ದಾವಣಗೆರೆ ಮಾತು ಎತ್ತಿದ್ದು. ಅಲ್ಲಿ ಮುಂದೆ ಅಂಗಡಿ, ಹಿಂದೆ ಎರಡು ರೂಮಿನ ಮನೆ, ಇಲ್ಲಿ ಕೊಡೋ ಬಾಡಿಗೇಲಿ ಅರ್ಧಾನೂ ಇಲ್ಲ. ನಿಮ್ಮಪ್ಪ ಕುಣಿದ. ನಿಮ್ಮಮ್ಮ ಮಾತ್ರ, "ಅತ್ತೆ ಬರ್ತೀನಿ ಅಂದ್ರೆ ಹೋಗೋಣ, ಅವರು ಬರಲ್ಲ ಅಂದ್ರೆ ನಾವೂ ಹೋಗಲ್ಲ" ಅಂದುಬಿಟ್ಲು. ಅಯ್ಯೋ ದೇವ್ರೇ, ಎಲ್ಲಾ ಭಾರ ತಂದು ನನ್ನ ತಲೆ ಮೇಲೆ! ನೀನು ಆ ಫೋನಲ್ಲಿ ಪಟ್ಟಿ ಮಾಡಿದ್ಯಲ್ಲ, ಬಾಡಿಗೆ ಎಷ್ಟು, ಸ್ಕೂಲು ಎಷ್ಟು ದೂರ, ಬಸ್ಸು ಎಷ್ಟೊತ್ತಿಗೆ, ಎಡಗಡೆ ಬೆಂಗಳೂರು, ಬಲಗಡೆ ದಾವಣಗೆರೆ, ಅದು ಚೆನ್ನಾಗೇ ಇತ್ತು. ಸುಳ್ಳು ಹೇಳಲ್ಲ, ಅಷ್ಟು ಚೊಕ್ಕವಾಗಿ ನಿಮ್ಮ ತಾತನೂ ಲೆಕ್ಕ ಹಾಕ್ತಿರಲಿಲ್ಲ. ಆದ್ರೆ ನನ್ನ ಅಳತೆ ಅದರಲ್ಲಿ ಇರಲಿಲ್ಲ. ಅದಕ್ಕೇ, "ಎಂಟು ದಿನ ನಾನೊಬ್ಬಳೇ ಹೋಗಿ ಇದ್ದು ನೋಡ್ತೀನಿ, ಯಾರೂ ಬರ್ಬೇಡಿ" ಅಂದೆ.

ನನ್ನ ಅಳತೆ ಏನು ಅಂದ್ರೆ... ಅದಕ್ಕೆ ಸ್ವಲ್ಪ ಹಿಂದೆ ಹೋಗ್ಬೇಕು. ನಾನು ಮದುವೆ ಆಗಿ ವಾಡಿ ರೈಲ್ವೆ ಕ್ವಾರ್ಟರ್ಸಿಂದ ಇಲ್ಲಿಗೆ ಬಂದಾಗ ಇದು ಊರೂ ಅಲ್ಲ, ಹಳ್ಳಿನೂ ಅಲ್ಲ. ಕನಕಪುರ ರೋಡಲ್ಲಿ ಬಸ್ಸು ಇಳಿದ್ರೆ ರಾಗಿ ಹೊಲ ದಾಟಿ ಬರ್ಬೇಕು. ಐದು ಮನೆ ವಠಾರ, ಒಂದೊಂದು ರೂಮು, ತಲೆ ಮೇಲೆ ಶೀಟು. ನಿಮ್ಮ ತಾತನಿಗೆ ಲೇತ್ ಕೆಲಸ, ಮೂರು ದಿನ ಇದ್ರೆ ನಾಲ್ಕು ದಿನ ಇಲ್ಲ. ನಂಗೆ ಜೋಳದ ರೊಟ್ಟಿ ಬಿಟ್ರೆ ಏನೂ ಬರ್ತಿರಲಿಲ್ಲ, ಇಲ್ಲಿ ಜೋಳ ಎಲ್ಲಿಂದ ತರೋದು? ಬಂದ ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆದ್ರೆ, ಓನರಮ್ಮ ಮುನಿಯಮ್ಮ, ಈ ಹುಡುಗನ ಅಜ್ಜಿ ಕಣೇ, ಅವಳೇ, ಒಂದು ಬಟ್ಟಲು ಹಿಡ್ಕೊಂಡು ನಿಂತಿದ್ಲು. "ತಗೋಮ್ಮ, ಹೆಪ್ಪು. ಹೊಸ ಮನೇಲಿ ಮೊಸರಿಲ್ದೆ ಹೆಂಗೆ?" ಅಂದ್ಲು. ಒಳಗೆ ಇಣುಕಿ ನೋಡಿದ್ಲು, ಒಲೆ ಮೇಲೆ ನನ್ನ ಮುದ್ದೆ, ಮುದ್ದೆ ಅಲ್ಲ ಅದು, ಗಂಟು ಗಂಟು ಗಂಜಿ. "ಏನಮ್ಮಾ ಇದು, ಗೋಡೆಗೆ ಬಳಿಯೋಕಾ, ಗಂಡಂಗೆ ಬಡಿಸೋಕಾ?" ಅಂತ ವಠಾರಕ್ಕೆಲ್ಲ ಕೇಳೋ ಹಂಗೆ ನಕ್ಕು, ತಾನೇ ಕೋಲು ತಗೊಂಡು ತಿರುವಿ ತೋರಿಸಿದ್ಲು. ಕೆಲಸ ಇಲ್ದಿರೋ ತಿಂಗಳು ನಾವು ಅಕ್ಕಿ ಕಂಡಿಲ್ಲ, ಮುದ್ದೆ, ಮಜ್ಜಿಗೆ, ಅದೂ ನೀರು ಮಜ್ಜಿಗೆ, ಒಂದು ಉಪ್ಪಿನ ಹರಳು. ಆದ್ರೆ ಆ ಬಟ್ಟಲ ಹೆಪ್ಪು ಕೆಡಲಿಲ್ಲ ನೋಡು. ದಿನಾ ಒಂದು ಚಮಚ ಎತ್ತಿಟ್ಟು ಎತ್ತಿಟ್ಟು, ನಿಮ್ಮಪ್ಪ ಹುಟ್ಟಿ ಸ್ಕೂಲಿಗೆ ಹೋಗೋ ತನಕ ಅದೇ ಮೊಸರು. ಅವತ್ತಿಂದ ನನ್ನ ತಲೇಲಿ ಕೂತಿರೋದು ಇಷ್ಟೇ, ಗುರುತಿಲ್ದೆ ಇರೋರಿಗೆ ಹೆಪ್ಪು ಕೊಡೋ ಊರಲ್ಲಿ ಬದುಕಬಹುದು.

ಸರಿ, ದಾವಣಗೆರೆಗೆ ಹೋದೆ. ನಿಮ್ಮಪ್ಪನ ಫ್ರೆಂಡು ಹಳೇ ಊರಿನ ಕಡೆ, ಅವನ ಮನೆ ಮಹಡಿ ಮೇಲಿನ ರೂಮು, ಅಡುಗೆಮನೆ ಬಿಟ್ಟುಕೊಟ್ಟಿದ್ದ, ಅವನು ಹೆಂಡತಿ ಊರಿಗೆ ಹೋಗಿದ್ದ. ಬಸ್ಸು ತಡ ಆಗಿ ನಾನು ಬೀಗ ತೆಗೆದಾಗ ಸಂಜೆ ಆಗಿತ್ತು. ಸ್ನಾನ ಮಾಡಿ, ಮೂಲೆ ಅಂಗಡೀಲಿ ಹಾಲು ತಂದು ಕಾಯಿಸಿ ಆರೋಕೆ ಇಟ್ಟು, ಬಟ್ಟಲು ಹಿಡ್ಕೊಂಡು ಹೊರಟೆ. ಆ ಅಂಗಡೀಲಿ ಮೊಸರಿನ ಪ್ಯಾಕೆಟ್ ಇತ್ತು, ಇಲ್ಲ ಅನ್ನಲ್ಲ, ಆದ್ರೆ ನಂಗೆ ಬೇಕಾಗಿದ್ದು ಮೊಸರಲ್ಲ, ಪರೀಕ್ಷೆ. ಮೊದಲನೇ ಮನೇಲಿ ಒಬ್ಬ ಹೆಂಗಸು, ಚೆನ್ನಾಗೇ ಮಾತಾಡಿಸಿದ್ಲು, "ಯಾವೂರಜ್ಜಿ, ಬೆಂಗ್ಳೂರಾ, ಬರ್ರಿ, ಕುಂದ್ರಿ." ಒಂಚೂರು ಹೆಪ್ಪು ಬೇಕಿತ್ತಮ್ಮ ಅಂದೆ. ತಕ್ಷಣ ಮುಖ ಸಪ್ಪೆ ಆಯ್ತು. "ಈಗ ಆಗಲ್ಲಜ್ಜಿ, ಬೆಳಿಗ್ಗೆ ಬರ್ರಿ." ಎರಡನೇ ಮನೇಲಿ ಅತ್ತೆ ಸೊಸೆ ಇಬ್ರೂ ಇದ್ರು. ಸೊಸೆ ಒಳಗೆ ಹೋಗೋಕೆ ಹೊರಟ್ಲು, ಅತ್ತೆ ಕಣ್ಣಲ್ಲೇ ತಡೆದ್ಲು. "ಖಾಲಿ ಆಗೈತ್ರಿ" ಅಂದ್ಲು. ಅಡುಗೆಮನೆ ಕಟ್ಟೆ ಮೇಲೆ ಮೊಸರಿನ ಪಾತ್ರೆ ನಂಗೆ ಕಾಣಿಸ್ತಾ ಇದೆ! ಮೂರನೇದು ಎದುರು ಮನೆ, ಗೌರಕ್ಕ ಅಂತ, ದೇವರ ಮುಂದಿಂದ ಎದ್ದು ಬಂದ್ಲು. ನನ್ನ ಬಟ್ಟಲು ನೋಡಿದ್ಲು, ತಿರುಗಿ ದೇವರ ಮನೆ ಕಡೆ ನೋಡಿದ್ಲು, ನಕ್ಕಳು. "ಹೆಪ್ಪು ನಾಳೆ ನೋಡಾಣ. ಉಂಡ್ರಾ? ಬರ್ರಿ, ಬಿಸಿ ರೊಟ್ಟಿ ಐತಿ." ನಂಗೆ ಮೈಯೆಲ್ಲ ಉರಿ. ಒಂದು ಚಮಚ ಮೊಸರು ಕೊಡದವಳು ಊಟಕ್ಕೆ ಕರೀತಾಳಂತೆ! "ಊಟ ಆಯ್ತಮ್ಮ" ಅಂತ ಸುಳ್ಳು ಹೇಳಿ ಬಂದುಬಿಟ್ಟೆ. ಬೆಂಗಳೂರಲ್ಲಿ ನಾಳೆ ನೋಡೋಣ ಅಂದ್ರೆ ಏನರ್ಥ ಹೇಳು? ಇಲ್ಲ ಅಂತ ತಾನೇ? ಐವತ್ತು ವರ್ಷ ಕೇಳಿದೀನಿ.

ಹಸ್ಕೊಂಡೇ ಕೂತು ನಿಮ್ಮಮ್ಮಂಗೆ ಫೋನ್ ಮಾಡಿದೆ. "ಲತಾ, ಬೇಡ ಕಣಮ್ಮ. ಬಾಡಿಗೆ ಕಮ್ಮಿ ಇರಬಹುದು, ಜನರ ಕೈ ಅದಕ್ಕಿಂತ ಕಮ್ಮಿ. ರವಿಗೆ ಹೇಳು, ಅಂಗಡಿ ಬೇಡ ಅಂತ." ಎಂಟು ದಿನ ಕಾಯಲ್ಲ ಅಂತ ಅಂಗಡಿಯೋರು ಅವತ್ತೇ ಹೇಳಿದ್ರು, ಮಾರನೇ ದಿನ ಬೆಳಿಗ್ಗೇನೇ ಹೂಂ ಅಥವಾ ಉಹೂಂ ಹೇಳ್ಬೇಕಿತ್ತು, ಇಲ್ಲಾಂದ್ರೆ ಬೇರೆ ಯಾರೋ ಕಾಯ್ತಾ ಇದ್ರು. ನಿಮ್ಮಮ್ಮ, "ಸರಿ ಅತ್ತೆ, ನೀವು ಮಲ್ಕೊಳ್ಳಿ" ಅಂದ್ಲು. ಅಷ್ಟೇ. ಯಾಕೆ, ಏನು, ಒಂದೂ ಕೇಳಲಿಲ್ಲ.

ಬೆಳಿಗ್ಗೆ ಎಚ್ಚರ ಆಗಿದ್ದು ಯಾವುದಕ್ಕೆ ಗೊತ್ತಾ? ಟಪ್ ಟಪ್ ಟಪ್ ಟಪ್. ಕಣ್ಣು ಮುಚ್ಚೇ ಇದ್ದೆ, ನಾನು ವಾಡೀಲಿದ್ದೀನಿ, ಅಮ್ಮ ರೊಟ್ಟಿ ತಟ್ತಾ ಇದ್ದಾಳೆ ಅಂದ್ಕೊಂಡೆ. ಕಣ್ಣು ಬಿಟ್ರೆ ದಾವಣಗೆರೆ. ಬೀದಿ ಪೂರ್ತಿ ರೊಟ್ಟಿ ತಟ್ಟೋ ಸದ್ದು. ಅಷ್ಟರಲ್ಲಿ ಬಾಗಿಲು ಬಡಿದ್ರು. ತೆಗೆದ್ರೆ ಗೌರಕ್ಕ, ಕೈಯಲ್ಲಿ ಬಟ್ಟಲು. ಅವಳ ಹಿಂದೆ ಮೆಟ್ಟಿಲ ಮೇಲೆ ಎರಡನೇ ಮನೆ ಅತ್ತೆ, ಖಾಲಿ ಆಗೈತ್ರಿ ಅಂದವಳೇ, ಅವಳ ಕೈಯಲ್ಲಿ ಒಂದು ಲೋಟ. ಕೆಳಗಿಂದ ಮೊದಲನೇ ಮನೆಯವಳು ಕೂಗ್ತಾ ಇದ್ದಾಳೆ, "ಗೌರಕ್ಕ, ನಂದೂ ಐತಿ, ತಡೀ!" ಗೌರಕ್ಕ ಒಳಗೆ ಬಂದು ಬಟ್ಟಲು ಇಟ್ಟು ಸೊಂಟದ ಮೇಲೆ ಕೈ ಇಟ್ಕೊಂಡ್ಲು. "ಅಲ್ರೀ ಅಜ್ಜಿ, ಇಷ್ಟು ವಯಸ್ಸಾಗೈತಿ, ದೀಪ ಹಚ್ಚಿದ ಮ್ಯಾಲೆ ಯಾರಾದ್ರೂ ಹಾಲು ಮೊಸರು ಕೇಳ್ತಾರೇನ್ರಿ? ಕೊಟ್ರೆ ಮನೆ ಲಕ್ಷ್ಮಿ ಹೋಗ್ತಾಳ, ಕೊಡದಿದ್ರೆ ಮುದುಕಮ್ಮ ಮುನಿಸ್ಕೊಂತಾಳ. ರಾತ್ರಿ ಎಲ್ಲ ನಂಗೆ ನಿದ್ದಿ ಇಲ್ಲ!" ಹಿಂದಿನವಳು, "ನಾನಂತೂ ಸುಳ್ಳು ಹೇಳಿದೆ ನೋಡ್ರಿ, ಪಾತ್ರೆ ನಿಮ್ಮ ಕಣ್ಣಿಗೆ ಬಿದ್ದೈತಿ ಅಂತ ಗೊತ್ತಾತು" ಅಂತ ಬಾಯಿ ಮುಚ್ಕೊಂಡು ನಗ್ತಾಳೆ.

ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು ನಂಗೆ. ಯಾಕಂದ್ರೆ ನಮ್ಮಮ್ಮನೂ ಹಂಗೇ. ಕ್ವಾರ್ಟರ್ಸಲ್ಲಿ ದೀಪ ಹಚ್ಚಿದ್ಲು ಅಂದ್ರೆ ಹಾಲು, ಮೊಸರು, ಉಪ್ಪು, ಯಾವುದೂ ಹೊಸಿಲು ದಾಟೋ ಹಾಗಿಲ್ಲ. ಪಕ್ಕದ ಮನೆಯವರು ಬಂದ್ರೆ ನಂಗೇ ಹೇಳೋಳು, "ಮುಂಜಾನಿ ಒಯ್ದು ಕೊಟ್ಟು ಬಾ, ಮರೀಬ್ಯಾಡ" ಅಂತ. ಎಷ್ಟು ಸಲ ನಾನೇ ಬಟ್ಟಲು ಹಿಡ್ಕೊಂಡು ಓಡಿದ್ದೀನಿ! ಮುನಿಯಮ್ಮ ಬಂದಿದ್ದೂ ಬೆಳಿಗ್ಗೇನೇ ಅಲ್ವಾ, ಅದನ್ನೂ ಯೋಚನೆ ಮಾಡಲಿಲ್ಲ ನಾನು. ಹತ್ತು ಗಂಟೆ ರಾತ್ರೀಲೂ ಪ್ಯಾಕೆಟ್ ಸಿಗೋ ಊರಲ್ಲಿದ್ದು ಇದ್ದು ಹೊತ್ತೇ ಮರ್ತು ಹೋಗಿದೆ. ತಪ್ಪಾಯ್ತಮ್ಮ ಅಂದೆ. ಗೌರಕ್ಕ, "ತಪ್ಪಿಗೆ ದಂಡ, ಇವತ್ತು ಉಣ್ಣಾಕೆ ನಮ್ಮನೆಗೆ ಬರ್ರಿ. ನಿನ್ನೆ ಉಂಡಿಲ್ಲ ಅಂತ ಗೊತ್ತು, ನಮ್ಮನೆಯಿಂದ ಹೋದ ಮ್ಯಾಲೆ ನಿಮ್ಮ ಅಡುಗೆಮನೆ ಲೈಟೇ ಹತ್ತಲಿಲ್ಲ" ಅಂದ್ಲು. ನೋಡ್ತಾನೇ ಇದ್ಲು ನೋಡು, ಕಿಟಕಿಯಿಂದ!

ಅವರು ಮೆಟ್ಟಿಲು ಇಳಿದ ತಕ್ಷಣ ಫೋನ್ ಹುಡುಕಿದೆ. ನನ್ನ ದುಡುಕಿಗೆ ಮಗನ ಅಂಗಡಿ ಹೋಯ್ತಲ್ಲಪ್ಪಾ, ಇನ್ನು ಮೂರು ತಿಂಗಳಲ್ಲಿ ಬೀದಿಗೆ ಬೀಳೋದೇ ಅಂತ. "ಲತಾ, ರವಿ ಹೇಳಿಬಿಟ್ನಾ? ಬೇಡ ಅಂತ ಹೇಳಿಬಿಟ್ನಾ?" ನಿಮ್ಮಮ್ಮ ಏನಂದ್ಲು ಗೊತ್ತಾ? "ಇಲ್ಲ ಅತ್ತೆ, ನಾನು ಅವರಿಗೆ ಹೇಳೇ ಇಲ್ಲ. ನೀವು ಹಸಿದಿದ್ರಿ. ಹಸಿದಾಗ ನೀವು ಹೇಳೋದನ್ನ ನಾನು ಬೆಳಿಗ್ಗೆ ತನಕ ಯಾರಿಗೂ ಹೇಳಲ್ಲ." ಹದಿನಾರು ವರ್ಷ ಒಂದೇ ಅಡುಗೆಮನೇಲಿ ಇದ್ದೀವಿ, ನನ್ನ ಹೊಟ್ಟೆ ನಂಗಿಂತ ಚೆನ್ನಾಗಿ ಅವಳಿಗೆ ಗೊತ್ತು. ಇಂಥ ಸೊಸೆ ಎಲ್ಲರಿಗೂ ಸಿಗಲ್ಲ. ಅವಳ ಮುಂದೆ ಹೇಳ್ಬೇಡ, ಆಮೇಲೆ ಹಿಗ್ಗಿ ಕಾಫಿಗೆ ಸಕ್ಕರೆ ಹಾಕೋದೇ ಮರೀತಾಳೆ. "ಹೂಂ ಅನ್ನೋಕೆ ಹೇಳಮ್ಮ, ಈಗ್ಲೇ" ಅಂದೆ.

ಉಳಿದ ಏಳು ದಿನ ನಿನ್ನ ಪಟ್ಟಿ ಹಿಡ್ಕೊಂಡೇ ಓಡಾಡಿದೆ. ಅಲ್ಲಿ ನಿನ್ನ ಹೊಸ ಸ್ಕೂಲಿಗೆ ನನ್ನ ಮಂಡಿನೋವಿನ ನಡಿಗೇಲೇ ಕಾಲು ಗಂಟೆ. ಇಲ್ಲಿ ರಸ್ತೆ ದಾಟೋಕೇ ಅಷ್ಟು ಬೇಕು. ಸೊಪ್ಪಿನವನು ಕಟ್ಟಿನ ಜೊತೆ ಕೊತ್ತಂಬರಿ ಸುಮ್ನೆ ಕೊಡ್ತಾನೆ. ಬೆಣ್ಣೆ ದೋಸೆ ತಿಂದೆ, ನಿಜ ಹೇಳ್ತೀನಿ, ಎರಡು ತಿಂದೆ. ಗೌರಕ್ಕನ ಫ್ರಿಜ್ಜು ಕೆಟ್ಟು ಒಂದು ತಿಂಗಳಾಗಿದೆಯಂತೆ, ನಿಮ್ಮಪ್ಪನ ಮೊದಲನೇ ಗಿರಾಕಿ ಅವಳೇ. ಎಲ್ಲಾ ಚೆನ್ನಾಗಿದೆ ಅಂತಲ್ಲ. ಸೆಕೆ ಇದೆ, ನಮ್ಮ ಜರಗನಹಳ್ಳಿ ಗಾಳಿ ಅಲ್ಲಿಲ್ಲ. ನಿನ್ನ ಫ್ರೆಂಡ್ಸ್ ಇಲ್ಲ, ಅದು ಚಿಕ್ಕ ಮಾತಲ್ಲ, ನಂಗೆ ಗೊತ್ತು, ವಾಡಿ ಬಿಟ್ಟು ಬಂದಾಗ ನಾನು ಒಂದು ತಿಂಗಳು ಮೂಲೇಲಿ ಕೂತು ಅತ್ತಿದ್ದೆ. ಮುನಿಯಮ್ಮ ಬೈದ್ಲು, ಆಮೇಲೆ ತಲೆ ಬಾಚಿದ್ಲು. ನಿಂಗೆ ನಾನಿದ್ದೀನಿ, ಬೈಯೋಕೂ, ಬಾಚೋಕೂ.

ಈಗ ಆ ಫೋನ್ ತೆಗಿ. ನಿನ್ನ ಪಟ್ಟಿ ಕೊನೇಲಿ ಇನ್ನೊಂದು ಸಾಲು ಸೇರಿಸು. ಹಾಲು ಮೊಸರಾಗೋಕೆ ಒಂದು ರಾತ್ರಿ ಬೇಕು, ಊರಿಗೂ ಒಂದು ರಾತ್ರಿ ಕೊಡ್ಬೇಕು. ಮತ್ತೆ, ಏನೇ ಕೇಳೋದಿದ್ರೂ ದೀಪ ಹಚ್ಚೋಕೆ ಮುಂಚೆ ಕೇಳ್ಬೇಕು. ಬರ್ಕೊಂಡ್ಯಾ? ಆ ಪದಾನೂ ಬರ್ಕೋ, ಅದೇ... ಅಯ್ಯೋ, ಮತ್ತೆ ಹೋಯ್ತು ನೋಡು. ಬಟ್ಟಲಲ್ಲಿ ತಂದ್ರಲ್ಲ, ಅದು. ನಾನು ಮರೆಯೋಕೆ ಮುಂಚೆ ನೀನು ಬರ್ಕೊಂಡುಬಿಡು, ಮಗಳೇ.